ಉಪ್ಪು ತೆಗೆಯುವ ಮೊದಲು ಲೆಕ್ಕ ತೆಗೆಯಬೇಕು

ಶಿವರಾತ್ರಿ ಕಳೆದು ಬಿಸಿಲು ಬಲಿತಿತೆಂದರೆ ನಮ್ಮ ಕಾಸರಗೋಡು ಸೀಮೆಯ ಹೊಳೆಬದಿ, ಕಡಲಬದಿಯ ಕೃಷಿಕರಿಗೆ ಎರಡು ಚಿಂತೆಗಳು ಜೊತೆಯಾಗಿ ಬರುತ್ತವೆ. ಒಂದು, ಬಾವಿಯ ನೀರು ಇಳಿಯುವುದು. ಇನ್ನೊಂದು, ಉಳಿದ ನೀರು ಉಪ್ಪಾಗುವುದು. ಉಪ್ಪು ನೀರನ್ನು ಅಡಿಕೆ ಗಿಡ ತಾಳದು, ಮನುಷ್ಯನ ನಾಲಗೆಯೂ ತಾಳದು. ಇಂಥ ಹೊತ್ತಿನಲ್ಲಿ ಉಪ್ಪು ನೀರನ್ನು ಸಿಹಿ ಮಾಡುವ ಯಂತ್ರಗಳ ಮಾತು ಊರೊಳಗೆ ಬಂದರೆ ಜನ ಕಿವಿಗೊಟ್ಟು ಕೇಳುವುದು ಸಹಜವೇ. ಕಡಲಿಗೆ ದುಡ್ಡು ಕೊಡಬೇಕಾಗಿಲ್ಲ, ಬಿಸಿಲಿಗೂ ಕೊಡಬೇಕಾಗಿಲ್ಲ, ಆದುದರಿಂದ ನೀರೂ ಪುಕ್ಕಟೆ ಎಂಬ ವಾದ ಕೇಳಲಿಕ್ಕೆ ಇಂಪಾಗಿಯೇ ಉಂಟು. ಈ ವಾದ ಎಷ್ಟರ ಮಟ್ಟಿಗೆ ನಿಜ, ಎಲ್ಲಿಂದ ಮುಂದೆ ಸುಳ್ಳು ಎಂಬುದನ್ನು ಲೆಕ್ಕ ಹಾಕಿಯೇ ತಿಳಿಯಬೇಕು. ಆ ಲೆಕ್ಕ ಕಾಲೇಜಿನವರಿಗೆ ಮಾತ್ರ ಮೀಸಲಾದುದಲ್ಲ. ಗುಣಾಕಾರ ಭಾಗಾಕಾರ ಬಲ್ಲ ಯಾವ ಕೃಷಿಕನೂ ಹಾಕಬಹುದಾದದ್ದು ಎಂದು ತೋರಿಸುವುದೇ ಈ ಲೇಖನದ ಉದ್ದೇಶ.

ಇಂಥ ವಿಧಾನಗಳಲ್ಲಿ ವಿಜ್ಞಾನಿಗಳು ಬಹಳ ಆಸ್ಥೆಯಿಂದ ಅಭ್ಯಾಸ ಮಾಡುತ್ತಿರುವ ಒಂದಕ್ಕೆ ಮೆಂಬ್ರೇನ್ ಡಿಸ್ಟಿಲೇಶನ್ ಎಂದು ಹೆಸರು. ನಾವು ಅದನ್ನು ಪೊರೆಬಟ್ಟಿ ಎಂದು ಕರೆಯೋಣ. ಕೆಸುವಿನ ಎಲೆಯ ಮೇಲೆ ಬಿದ್ದ ನೀರು ಎಲೆಗೆ ಅಂಟದೆ ಮುತ್ತಾಗಿ ಉರುಳುವುದನ್ನು ಎಲ್ಲರೂ ಬಲ್ಲರು. ಅದೇ ಗುಣವುಳ್ಳ ತೆಳ್ಳಗಿನ ಪೊರೆಯನ್ನು ಟೆಫ್ಲಾನ್, ಪಾಲಿಪ್ರೊಪಿಲೀನ್ ಮೊದಲಾದ ಪ್ಲಾಸ್ಟಿಕ್ಕುಗಳಿಂದ ಮಾಡುತ್ತಾರೆ. ಅದರ ತುಂಬ ಕಣ್ಣಿಗೆ ಕಾಣದ ತೂತುಗಳು. ಒಂದೊಂದರ ಅಗಲ ಸಾಮಾನ್ಯವಾಗಿ ಒಂದು ಮಿಲ್ಲಿಮೀಟರಿನ ಐದು ಸಾವಿರದಲ್ಲೊಂದು ಪಾಲು. ಪೊರೆಯ ಒಂದು ಬದಿಯಲ್ಲಿ ಬಿಸಿ ಮಾಡಿದ ಉಪ್ಪು ನೀರು, ಇನ್ನೊಂದು ಬದಿಯಲ್ಲಿ ತಣ್ಣಗಿನ ಸಿಹಿ ನೀರು ಹರಿಯುತ್ತವೆ. ನೀರು ಆ ತೂತಿನೊಳಗೆ ಇಳಿಯಲಾರದು, ಆದರೆ ನೀರಿನ ಆವಿ ದಾಟಿಹೋಗುತ್ತದೆ. ದಾಟಿದ ಆವಿ ತಣ್ಣಗಿನ ಬದಿಯಲ್ಲಿ ಮತ್ತೆ ನೀರಾಗುತ್ತದೆ. ಉಪ್ಪಿಗೆ ಆವಿಯಾಗುವ ಗುಣ ಇಲ್ಲದ್ದರಿಂದ ಅದು ಬಿಸಿ ಬದಿಯಲ್ಲಿಯೇ ಉಳಿಯುತ್ತದೆ. ನೀರು ಕುದಿಯಬೇಕಾಗಿಲ್ಲ, 60 ಡಿಗ್ರಿ ಬಿಸಿಯಾದರೂ ಕೆಲಸ ನಡೆಯುತ್ತದೆ. ಇದೇ ಇದರ ವಿಶೇಷ.

ವಿಚಾರ ಹೊಸತೇನಲ್ಲ. 1963ರಲ್ಲಿಯೇ ಅಮೇರಿಕದಲ್ಲಿ ಬೋಡೆಲ್ ಎಂಬವರು ಇದರ ಪೇಟೆಂಟಿಗೆ ಅರ್ಜಿ ಹಾಕಿದ್ದರು. 1967ರಲ್ಲಿ ಫಿಂಡ್ಲಿ ಎಂಬ ವಿದ್ವಾಂಸರು ಕಾಗದ, ಗಾಜಿನ ನೂಲು ಮೊದಲಾದವುಗಳಿಗೆ ಸಿಲಿಕೋನ್, ಟೆಫ್ಲಾನ್ ಬಳಿದು ಪ್ರಯೋಗ ಮಾಡಿ ಫಲಿತಾಂಶವನ್ನು ಪ್ರಕಟಿಸಿದರು. ಆಮೇಲೆ ಒಳ್ಳೆಯ ಪೊರೆ ಸಿಗದೆ ಕೆಲಸ ಹಿಂದೆ ಬಿತ್ತು. 1980ರ ದಶಕದಲ್ಲಿ ಪೊರೆಗಳು ಸುಧಾರಿಸಿದ ಮೇಲೆ ಮತ್ತೆ ಚಿಗುರಿತು. 1987ರಲ್ಲಿ ಆಸ್ಟ್ರೇಲಿಯದ ಸ್ಕೋಫೀಲ್ಡ್, ಫೇನ್, ಫೆಲ್ ಎಂಬ ಮೂವರು ಈ ಪೊರೆಯ ಮೂಲಕ ಶಾಖ ಎಷ್ಟು ದಾಟುತ್ತದೆ, ಆವಿ ಎಷ್ಟು ದಾಟುತ್ತದೆ ಎಂಬ ಲೆಕ್ಕವನ್ನು ಕ್ರಮಬದ್ಧವಾಗಿ ಕಟ್ಟಿಕೊಟ್ಟರು. ಗಣಿತದ ಮಾದರಿ ಎಂದು ಪಂಡಿತರು ಹೇಳುವುದು ಇದನ್ನೇ. ಅಡಿಕೆ ವ್ಯಾಪಾರಿಯ ಖಾತೆ ಪುಸ್ತಕಕ್ಕೂ ಇದಕ್ಕೂ ಜಾತಿಯಲ್ಲಿ ಭೇದವಿಲ್ಲ. ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು. ನೀರಿಗೆ ಒಂದು ಪುಟ, ಶಾಖಕ್ಕೆ ಒಂದು ಪುಟ, ಉಪ್ಪಿಗೆ ಒಂದು ಪುಟ. ಮೂರು ಪುಟಗಳೂ ಸರಿಹೋದರೆ ಮಾತ್ರ ಯಂತ್ರ ಲಾಭದ್ದು.

ಮೊದಲು ನೀರಿನ ಪುಟ ನೋಡೋಣ. ಆವಿಯನ್ನು ಪೊರೆಯ ಮೂಲಕ ತಳ್ಳುವುದು ಬಿಸಿಯ ಅಂತರವಲ್ಲ, ಆವಿಯ ಒತ್ತಡದ ಅಂತರ. ಈ ಒತ್ತಡವನ್ನು ಪಾದರಸದ ಮಿಲ್ಲಿಮೀಟರುಗಳಲ್ಲಿ ಅಳೆಯುತ್ತಾರೆ. ನೀರು 20 ಡಿಗ್ರಿ ಇದ್ದಾಗ ಒತ್ತಡ ಹದಿನೇಳೂವರೆ, 30 ಡಿಗ್ರಿಗೆ 32, 60 ಡಿಗ್ರಿಗೆ 149, 70 ಡಿಗ್ರಿಗೆ 234. ಈ ಏರಿಕೆಯನ್ನು 1888ರಲ್ಲಿ ಒಂದು ಸೂತ್ರದೊಳಗೆ ಹಿಡಿದು ಕೊಟ್ಟವರು ಫ್ರಾನ್ಸಿನ ಆಂತ್ವಾನ್. ಅಂಕೆಗಳನ್ನು ಇನ್ನೊಮ್ಮೆ ನೋಡಿರಿ. 20ರಿಂದ 30ಕ್ಕೆ ಹತ್ತು ಡಿಗ್ರಿ ಏರಿದರೆ ಒತ್ತಡ ಹದಿನಾಲ್ಕೂವರೆ ಏರಿತು. 60ರಿಂದ 70ಕ್ಕೆ ಅದೇ ಹತ್ತು ಡಿಗ್ರಿ ಏರಿದರೆ 85 ಏರಿತು. ಅಂದರೆ ಹತ್ತಿರ ಹತ್ತಿರ ಆರು ಪಟ್ಟು. ಆದುದರಿಂದ ಉಗುರು ಬೆಚ್ಚಗಿನ ನೀರಿನಿಂದ ಯಂತ್ರ ನಡೆಯುತ್ತದೆಂದು ಯಾರಾದರೂ ಹೇಳಿದರೆ, ನಡೆಯುತ್ತದೆ ನಿಜ, ಆದರೆ ತೊಟ್ಟಿಕ್ಕುತ್ತದೆ ಎಂದು ತಿಳಿಯತಕ್ಕದ್ದು.

ಒಂದು ಸಾಧಾರಣ ಪೊರೆಯಲ್ಲಿ ಒಂದು ಚದರ ಮೀಟರಿಗೆ, ಒಂದು ಮಿಲ್ಲಿಮೀಟರು ಒತ್ತಡದ ಅಂತರಕ್ಕೆ, ಗಂಟೆಗೆ 100 ಮಿಲ್ಲಿಲೀಟರು ನೀರು ದಾಟುತ್ತದೆಂದು ಇಟ್ಟುಕೊಳ್ಳೋಣ. ಬಿಸಿ ಬದಿ 60 ಡಿಗ್ರಿ, ತಣ್ಣಗಿನ ಬದಿ 25 ಡಿಗ್ರಿ. 149ರಲ್ಲಿ 24 ಕಳೆದರೆ 125. ಅಂದರೆ ಗಂಟೆಗೆ ಹನ್ನೆರಡೂವರೆ ಲೀಟರು ಸಿಗಬೇಕು. ಆದರೆ ಸಿಗುವುದಿಲ್ಲ. ಯಾಕೆ? ಆವಿಯಾಗುವ ನೀರು ತನ್ನ ಶಾಖವನ್ನು ಹೊತ್ತುಕೊಂಡೇ ಹೋಗುತ್ತದೆ. ಆದುದರಿಂದ ಕೊಳವೆಯ ನಡುವೆ ನೀರು 60 ಡಿಗ್ರಿ ಇದ್ದರೂ ಪೊರೆಯನ್ನು ತಾಗಿ ನಿಂತ ನೀರು 53 ಡಿಗ್ರಿಗೆ ಇಳಿದಿರುತ್ತದೆ; ಆಚೆ ಬದಿಯಲ್ಲಿ 25 ಇದ್ದದ್ದು ಪೊರೆಯ ಬಳಿ 32ಕ್ಕೆ ಏರಿರುತ್ತದೆ. ಈಗ ಅಂತರ ನೋಡಿರಿ: 107ರಲ್ಲಿ 36 ಕಳೆದರೆ 71. ಸಿಗುವುದು ಏಳು ಲೀಟರು. ಎರಡೂ ಬದಿಗಳಲ್ಲಿ ಬರೇ ಏಳೇಳು ಡಿಗ್ರಿ ಜಾರಿದ್ದಕ್ಕೆ ಐದೂವರೆ ಲೀಟರು ನೀರು ಮಾಯವಾಯಿತು. ಇದಕ್ಕೆ ಮದ್ದು, ನೀರನ್ನು ಪೊರೆಯ ಬಳಿ ಜೋರಾಗಿ ಕಲಕುತ್ತ ಹರಿಸುವುದು. ಅದಕ್ಕೆ ಪಂಪು ಬೇಕು, ಪಂಪಿಗೆ ಕರೆಂಟು ಬೇಕು. ಪ್ರಯೋಗಶಾಲೆಯ ಅಂಗೈಯಗಲದ ಪೊರೆಯಲ್ಲಿ ಕಂಡ ಫಸಲು ಊರಿನ ದೊಡ್ಡ ಯಂತ್ರದಲ್ಲಿ ಕಾಣದೆ ಹೋಗುವುದಕ್ಕೆ ಇದೊಂದು ಮುಖ್ಯ ಕಾರಣ.

ಎರಡನೆಯದು ಶಾಖದ ಪುಟ. 60 ಡಿಗ್ರಿಯ ಒಂದು ಲೀಟರು ನೀರನ್ನು ಆವಿ ಮಾಡಲು ಸುಮಾರು 563 ಕಿಲೊ ಕ್ಯಾಲೊರಿ ಶಾಖ ಬೇಕು. ನಮ್ಮ ಕರೆಂಟ್ ಬಿಲ್ಲಿನ ಒಂದು ಯೂನಿಟ್ ಅಂದರೆ 860 ಕಿಲೊ ಕ್ಯಾಲೊರಿ. ಆದುದರಿಂದ ಲೀಟರಿಗೆ 0.65 ಯೂನಿಟ್ ಶಾಖ. ಇದು ಪ್ರಕೃತಿ ವಿಧಿಸಿದ ಕ್ರಯ. ಯಾವ ಕಂಪೆನಿಯೂ ಇದರಲ್ಲಿ ಕಡಿತ ಮಾಡಲಾರದು. ಈಗ ಒಂದು ಎಕ್ರೆ ಅಡಿಕೆ ತೋಟವನ್ನು ತೆಗೆದುಕೊಳ್ಳೋಣ. 550 ಗಿಡ, ಹನಿ ನೀರಾವರಿಯಲ್ಲಿ ಗಿಡಕ್ಕೆ ದಿನಕ್ಕೆ 20 ಲೀಟರು. ಒಟ್ಟು 11,000 ಲೀಟರು. ಶಾಖ 7,150 ಯೂನಿಟ್. ಬೇಸಗೆಯ ಒಳ್ಳೆಯ ಬಿಸಿಲು ಒಂದು ಚದರ ಮೀಟರಿಗೆ ದಿನಕ್ಕೆ 6 ಯೂನಿಟ್ ಎಂದು ಹಿಡಿಯೋಣ. ಬಿಸಿಲ ಹಲಗೆ ಅದರಲ್ಲಿ ಅರ್ಧ ಹಿಡಿದೀತು. ಪೊರೆಯ ಮೂಲಕ ಸುಮ್ಮನೆ ಸೋರಿಹೋಗುವ ಶಾಖವನ್ನು ಕಳೆದರೆ ಆ ಅರ್ಧದಲ್ಲಿ ನೂರಕ್ಕೆ 60 ಪಾಲು ಕೆಲಸಕ್ಕೆ ಬಂದೀತು. ಲೆಕ್ಕ ಹಾಕಿದರೆ ಬೇಕಾಗುವ ಬಿಸಿಲ ಹಲಗೆ ಸುಮಾರು 3,970 ಚದರ ಮೀಟರು, ಅಂದರೆ 98 ಸೆಂಟ್ಸು. ಒಂದು ಎಕ್ರೆ ತೋಟಕ್ಕೆ ನೀರು ಕೊಡಬೇಕಾದರೆ ಇನ್ನೊಂದು ಎಕ್ರೆ ಜಾಗಕ್ಕೆ ಬಿಸಿಲ ಹಲಗೆ ಹಾಸಬೇಕು!

ಇಲ್ಲಿ ಒಂದು ನ್ಯಾಯದ ಮಾತು ಹೇಳಬೇಕು. ಆವಿ ಹೊತ್ತುತಂದ ಶಾಖವನ್ನು ಬಿಡದೆ, ಒಳಗೆ ಬರುವ ತಣ್ಣಗಿನ ಉಪ್ಪು ನೀರನ್ನು ಬೆಚ್ಚಗೆ ಮಾಡಲು ಮತ್ತೆ ಬಳಸಬಹುದು. ಬೆಲ್ಲದ ಒಲೆಯಲ್ಲಿ ಮುಂದಿನ ಕೊಪ್ಪರಿಗೆಯ ಬೆಂಕಿ ಹಿಂದಿನ ಕೊಪ್ಪರಿಗೆಯನ್ನೂ ಕಾಯಿಸುವುದಿಲ್ಲವೇ, ಹಾಗೆ. ಜೋರ್ಡಾನ್ ದೇಶದ ಅಕಾಬಾದಲ್ಲಿ ಕೆಂಪು ಸಮುದ್ರದ ನೀರಿಗಾಗಿ 72 ಚದರ ಮೀಟರು ಬಿಸಿಲ ಹಲಗೆಯ ಪೊರೆಬಟ್ಟಿಯನ್ನು 2006ರಲ್ಲಿ ನಡೆಸಿ ನೋಡಿದರು. ಅದರಲ್ಲಿ ಶಾಖದ ಮರುಬಳಕೆಯಿಂದ 1,000 ಲೀಟರಿಗೆ 650 ಯೂನಿಟಿನ ಬದಲು 200ರಿಂದ 300 ಯೂನಿಟಿನಲ್ಲಿ ಕೆಲಸ ನಡೆಯಿತು. ನಡುವಿನ 250 ಹಿಡಿದರೂ ನಮ್ಮ ಅಡಿಕೆ ತೋಟಕ್ಕೆ 23 ಸೆಂಟ್ಸು ಹಲಗೆ ಬೇಕಾಯಿತು. ಕೃಷಿಗೆ ಇದು ಹೊಂದುವ ಬಾಬಲ್ಲ ಎಂದು ಇನ್ನು ವಿವರಿಸಿ ಹೇಳಬೇಕಾಗಿಲ್ಲ. ಶಾಖ ಮರುಬಳಸದ ಪೊರೆಬಟ್ಟಿಯಂತೂ, ಗಾಜು ಮುಚ್ಚಿದ ಹಳೆಯ ಬಿಸಿಲ ತೊಟ್ಟಿಗಿಂತ ಹೆಚ್ಚು ನೀರನ್ನೇನೂ ಕೊಡಲಾರದು. ಅಂಥ ತೊಟ್ಟಿಯೂ ಚದರ ಮೀಟರಿಗೆ ದಿನಕ್ಕೆ ಮೂರು ನಾಲ್ಕು ಲೀಟರು ಕೊಡುತ್ತದೆ. ದಕ್ಷಿಣ ಅಮೇರಿಕದ ಚಿಲಿ ದೇಶದ ಲಾಸ್ ಸಲಿನಾಸಿನಲ್ಲಿ 1872ರಲ್ಲಿಯೇ ಅದನ್ನು ದೊಡ್ಡ ಪ್ರಮಾಣದಲ್ಲಿ ಕಟ್ಟಿದ್ದರು.

ಹಾಗಾದರೆ ಒತ್ತಡದಿಂದ ಸೋಸುವ, ನಮಗೆಲ್ಲ ಪರಿಚಯವಾದ ಆರ್‌ಓ ಯಂತ್ರವೇ ಒಳ್ಳೆಯದೋ? ಶಕ್ತಿಯ ಲೆಕ್ಕದಲ್ಲಿ ಹೌದು. ಅದು ನೀರನ್ನು ಆವಿ ಮಾಡುವುದಿಲ್ಲವಾದುದರಿಂದ ಕಡಲ ನೀರಿಗೂ 1,000 ಲೀಟರಿಗೆ ಮೂರು ನಾಲ್ಕು ಯೂನಿಟ್ ಕರೆಂಟು ಸಾಕು. ಆದರೆ ನೀರಿನ ಉಪ್ಪು ಹೆಚ್ಚಿದ ಹಾಗೆ ಅದಕ್ಕೆ ಬೇಕಾದ ಒತ್ತಡವೂ ಹೆಚ್ಚುತ್ತದೆ, ಒಂದು ಹಂತದ ಮೇಲೆ ಸೋಲುತ್ತದೆ. ಪೊರೆಬಟ್ಟಿಯ ಬಲ ಇರುವುದು ಇಲ್ಲಿ. ಲೀಟರಿಗೆ 35 ಗ್ರಾಂ ಉಪ್ಪಿರುವ ಕಡಲ ನೀರಿನ ಆವಿಯ ಒತ್ತಡ ಸಿಹಿ ನೀರಿಗಿಂತ ನೂರಕ್ಕೆ ಎರಡು ಪಾಲಿನಷ್ಟೇ ಕಡಿಮೆ. ಆದುದರಿಂದ ಆರ್‌ಓ ಕೈಬಿಟ್ಟ ಕಡು ಉಪ್ಪು ನೀರಿನಿಂದಲೂ ಇದು ಸಿಹಿ ನೀರು ತೆಗೆಯಬಲ್ಲುದು. ಒಂದರ ಕಸವನ್ನು ಇನ್ನೊಂದು ಉಣ್ಣುತ್ತದೆ.

ಇನ್ನೊಂದು ಬಲ, ಹೇಗೂ ಹಾಳಾಗುವ ಶಾಖವನ್ನು ಇದು ಬಳಸಿಕೊಳ್ಳುವುದು. ಡೀಸೆಲ್ ಇಂಜಿನಿನಲ್ಲಿ ಉರಿದ ಎಣ್ಣೆಯ ಶಾಖದ ಕಾಲು ಭಾಗಕ್ಕೂ ಮಿಕ್ಕಿದ ಪಾಲು ಇಂಜಿನನ್ನು ತಣಿಸುವ ನೀರಿಗೆ ಹೋಗುತ್ತದೆ. ದಿನಕ್ಕೆ 40 ಲೀಟರು ಡೀಸೆಲ್ ಉರಿಸುವ ಜನರೇಟರು ಎಲ್ಲಿಯಾದರೂ ಇದ್ದರೆ ಅದು ಸುಮಾರು 120 ಯೂನಿಟ್ ಶಾಖವನ್ನು ಗಾಳಿಗೆ ಚೆಲ್ಲುತ್ತಿರುತ್ತದೆ. ಅಕಾಬಾದ ಲೆಕ್ಕದಲ್ಲಿ ಅದರಿಂದ 480 ಲೀಟರು ನೀರು. ಮನೆಗೆ 20 ಲೀಟರಿನಂತೆ 24 ಮನೆಗಳ ಕುಡಿಯುವ ಮತ್ತು ಅಡಿಗೆಯ ನೀರು. ಇದು ಸಣ್ಣ ಮಾತಲ್ಲ. ತೋಟಕ್ಕೆ ಬೇಡವೆಂದ ಯಂತ್ರವನ್ನು ಕಡಲ ಕರೆಯ ಕೇರಿಗೆ ಬೇಕೆನ್ನಲು ನಮಗೆ ಸಂಕೋಚವಿಲ್ಲ. ಬೇಕು ಬೇಡ ಎಂದು ಹೇಳಿಸುವುದು ಲೆಕ್ಕವೇ ಹೊರತು ನಮ್ಮ ಇಷ್ಟಾನಿಷ್ಟವಲ್ಲ. ಆದರೆ ಅಂಥ ಕಡೆಯೂ ಜಾಗ್ರತೆ ಬೇಕು. ಸಾಬೂನಿನ ನೀರೋ ಎಣ್ಣೆಯೋ ತಾಗಿದರೆ ಪೊರೆಯ ಕೆಸುವಿನೆಲೆ ಗುಣ ಕೆಡುತ್ತದೆ. ಆಗ ಉಪ್ಪು ನೀರು ನೇರವಾಗಿ ಆಚೆಗೆ ನುಗ್ಗುತ್ತದೆ. ಸುಣ್ಣದಂಶ ಹೆಚ್ಚಿದ್ದರೆ ಪೊರೆಗೆ ಪದರ ಕಟ್ಟುತ್ತದೆ. ತೊಳೆಯುವವರು ಯಾರು, ಪೊರೆ ಬದಲಿಸುವವರು ಯಾರು ಎಂದು ಮೊದಲೇ ಗೊತ್ತಾಗಬೇಕು.

ಸ್ಥಳವನ್ನು ನೋಡದೆ ನಕಲು ಮಾಡಬಾರದೆಂಬುದಕ್ಕೆ ನಮ್ಮ ಪಡುಗಡಲಿನಲ್ಲಿಯೇ ಒಂದು ದೃಷ್ಟಾಂತ ಉಂಟು. ಲಕ್ಷದ್ವೀಪದ ಕವರತ್ತಿಯಲ್ಲಿ 2005ರಲ್ಲಿ ದಿನಕ್ಕೆ ಒಂದು ಲಕ್ಷ ಲೀಟರು ಸಿಹಿ ನೀರಿನ ಸ್ಥಾವರವನ್ನು ಕೇಂದ್ರ ಸರಕಾರದ ಸಾಗರ ತಂತ್ರಜ್ಞಾನ ಸಂಸ್ಥೆಯವರು ನಡೆಸಿದರು. ಕಡಲ ಮೇಲ್ಮೈಯ ಬೆಚ್ಚಗಿನ ನೀರನ್ನು ಗಾಳಿ ತೆಗೆದ ಕೋಣೆಯಲ್ಲಿ ಆವಿ ಮಾಡಿ, ಆಳದ ತಣ್ಣೀರಿನಿಂದ ಆ ಆವಿಯನ್ನು ತಣಿಸುವ ಉಪಾಯ ಅದು. ಪೊರೆ ಇಲ್ಲದಿದ್ದರೂ ಲೆಕ್ಕ ಅದೇ ಆವಿಯ ಒತ್ತಡದ್ದು. ದ್ವೀಪದ ಬುಡದಲ್ಲಿಯೇ ಆಳಗಡಲು ಇರುವುದರಿಂದ ಅಲ್ಲಿ ಅದು ಸಾಧ್ಯವಾಯಿತು. ನಮ್ಮ ಕರಾವಳಿಯಲ್ಲಿ ಅಷ್ಟು ಆಳ ಸಿಗಬೇಕಾದರೆ ದಡದಿಂದ ಬಹು ದೂರ ಹೋಗಬೇಕು.

ಮೂರನೆಯ ಪುಟ ಉಪ್ಪಿನದು. ಹೆಚ್ಚಿನವರು ಈ ಪುಟವನ್ನು ತೆರೆಯುವುದೇ ಇಲ್ಲ. ಬಾವಿಯ ನೀರಿನಲ್ಲಿ ಲೀಟರಿಗೆ 4 ಗ್ರಾಂ ಉಪ್ಪು ಇದೆ, 2,000 ಲೀಟರು ಎತ್ತಿ 1,000 ಲೀಟರು ಸಿಹಿ ಮಾಡಿದರು ಎಂದುಕೊಳ್ಳೋಣ. ಉಳಿದ 1,000 ಲೀಟರಿನಲ್ಲಿ 8 ಕಿಲೊ ಉಪ್ಪು. ಬೇಸಗೆಯ 100 ದಿನಗಳಲ್ಲಿ 8 ಕ್ವಿಂಟಾಲ್. ಅದನ್ನು ಬಾವಿಯ ಬಳಿಯ ಚರಂಡಿಗೆ ಬಿಟ್ಟರೆ ನಮ್ಮ ಮುರಕಲ್ಲಿನ ನೆಲ ಅದನ್ನು ಹಿಡಿದು ನಿಲ್ಲಿಸದು. ಮಳೆ ಬಂದಾಗ ಅದೇ ಬಾವಿಗೆ ಅಥವಾ ನೆರೆಮನೆಯವನ ಬಾವಿಗೆ ಇಳಿಯುತ್ತದೆ. ಒಬ್ಬನ ಕೊಡ ಸಿಹಿಯಾಗಲು ಇನ್ನೊಬ್ಬನ ಬಾವಿ ಉಪ್ಪಾಗುವುದು ಯಾವ ನ್ಯಾಯ?

ಇಷ್ಟು ಲೆಕ್ಕ ತೆಗೆದ ಮೇಲೆ ಎದುರು ಬದಿಯ ಲೆಕ್ಕವನ್ನೂ ನೋಡಬೇಕು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರು ಮಳೆ. ಒಂದು ಎಕ್ರೆಯ ಮೇಲೆ ಬೀಳುವುದು 1 ಕೋಟಿ 41 ಲಕ್ಷ ಲೀಟರು. ಇದೂ ಬಟ್ಟಿ ಇಳಿಸಿದ ನೀರೇ. ಬೆಂಕಿ ಹಾಕಿದವನು ಸೂರ್ಯ. ಇಷ್ಟನ್ನು ನಾವು ಆವಿ ಮಾಡುವುದಾದರೆ 90 ಲಕ್ಷ ಯೂನಿಟಿಗೂ ಮಿಕ್ಕಿ ಶಾಖ ಬೇಕಿತ್ತು. ನಮ್ಮ ಎಕ್ರೆ ತೋಟಕ್ಕೆ ಬೇಸಗೆಯ 150 ದಿನಗಳಿಗೆ ಬೇಕಾದದ್ದು ಹದಿನಾರೂವರೆ ಲಕ್ಷ ಲೀಟರು. ಮಳೆಯ ಎಂಟರಲ್ಲೊಂದು ಪಾಲೂ ಅಲ್ಲ. ಉಳಿದ ಏಳು ಪಾಲು ಕಡಲಿಗೆ ಹರಿದುಹೋಗಲು ಬಿಟ್ಟು, ಮತ್ತೆ ಅದೇ ಕಡಲ ನೀರನ್ನು ಸಿಹಿ ಮಾಡಲು ಯಂತ್ರ ಕೊಳ್ಳುವುದು ತಂದ ಅಕ್ಕಿಯನ್ನು ಚೆಲ್ಲಿ ಸಾಲದ ಅಕ್ಕಿಗೆ ಹೋದ ಹಾಗೆ.

ಸಿಹಿ ನೀರನ್ನು ನಿಲ್ಲಿಸಿದರೆ ಇನ್ನೂ ಒಂದು ಲಾಭ ಉಂಟು. ಕಡಲ ಕರೆಯ ನೆಲದಡಿಯಲ್ಲಿ ಸಿಹಿ ನೀರು ಉಪ್ಪು ನೀರಿನ ಮೇಲೆ ತೇಲಿ ನಿಂತಿರುತ್ತದೆ. ಹಾಲೆಂಡಿನ ಘೈಬೆನ್, ಜರ್ಮನಿಯ ಹರ್ಟ್ಸ್‌ಬರ್ಗ್ ಎಂಬವರು ನೂರು ವರ್ಷಕ್ಕೂ ಹಿಂದೆ ತೆಗೆದ ಲೆಕ್ಕದಂತೆ, ಕಡಲ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿ ನೀರು ನಿಂತರೆ ಅದರ ಕೆಳಗೆ ಸುಮಾರು 40 ಅಡಿ ಸಿಹಿ ನೀರು ನಿಲ್ಲುತ್ತದೆ. ತಿರುಗಿಸಿ ಹೇಳಿದರೆ, ಪಂಪು ಹಾಕಿ ಒಂದು ಅಡಿ ಇಳಿಸಿದರೆ ಕಾಲಕ್ರಮದಲ್ಲಿ ಉಪ್ಪು 40 ಅಡಿ ಮೇಲೇರುತ್ತದೆ. ನಮ್ಮ ಹಿರಿಯರು ಈ ಸೂತ್ರ ಓದಿದವರಲ್ಲ. ಆದರೂ ಮಳೆಗಾಲ ಮುಗಿದೊಡನೆ ತೋಡಿಗೆ ಕಲ್ಲು ಮಣ್ಣಿನ ಕಟ್ಟ ಕಟ್ಟುತ್ತಿದ್ದರು, ಗುಡ್ಡದಲ್ಲಿ ಮದಕ ಉಳಿಸುತ್ತಿದ್ದರು, ಸುರಂಗ ಕೊರೆಯುತ್ತಿದ್ದರು. ಏತಡ್ಕದ ಕಟ್ಟಗಳನ್ನು ಕಂಡವರಿಗೆ, ಊರು ಒಟ್ಟಾದರೆ ಏನಾಗುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಚಂದ್ರಗಿರಿ ಹೊಳೆಯಲ್ಲಿ ಉಬ್ಬರದ ನೀರು ಬಾವಿಕ್ಕೆರೆಯ ತನಕ ಏರಿ ಕಾಸರಗೋಡು ಪಟ್ಟಣದ ನಳ್ಳಿಗಳಲ್ಲಿ ಬೇಸಗೆಗೆ ಉಪ್ಪು ನೀರು ಬರುತ್ತಿದ್ದುದೂ, ವರ್ಷ ವರ್ಷ ತಾತ್ಕಾಲಿಕ ತಡೆ ಕಟ್ಟಿ ಕಟ್ಟಿ ಸೋತದ್ದೂ, 2021ರಲ್ಲಿ ಅಲ್ಲಿ ಶಾಶ್ವತ ಅಣೆಕಟ್ಟು ಬಂದದ್ದೂ ಎಲ್ಲರಿಗೆ ತಿಳಿದ ಸಂಗತಿ. ಆ ಅಣೆ ಒಂದು ಹರಳು ಉಪ್ಪನ್ನೂ ನೀರಿನಿಂದ ತೆಗೆಯುವುದಿಲ್ಲ. ಉಪ್ಪು ಒಳಗೆ ಬರದ ಹಾಗೆ ನಿಲ್ಲಿಸುತ್ತದೆ, ಅಷ್ಟೆ.

ಆದುದರಿಂದ ನಮ್ಮ ಅಭಿಪ್ರಾಯ ಇದು. ತೋಟದ ನೀರಿಗೆ ಕಟ್ಟ, ಮದಕ, ಇಂಗುಗುಂಡಿಗಳೇ ಮೊದಲು. ಅದಕ್ಕೆ ಯಂತ್ರದ ಆಸೆ ಬೇಡ. ಕುಡಿಯುವ ನೀರಿಗೆ ಬೇರೆ ದಾರಿಯೇ ಇಲ್ಲದ ಕಡಲ ಕರೆಯ ಕೇರಿಗಳಿಗೆ, ಹತ್ತಿರದಲ್ಲಿ ಹಾಳಾಗುವ ಶಾಖ ಇದ್ದರೆ, ಪೊರೆಬಟ್ಟಿಯನ್ನು ಪ್ರಯೋಗಕ್ಕಾದರೂ ತರಬೇಕು. ಯಾವ ಯಂತ್ರವೇ ಬರಲಿ, ಪಂಚಾಯತಿನ ದುಡ್ಡು ಕೊಡುವ ಮೊದಲು ಗ್ರಾಮಸಭೆಯಲ್ಲಿ ಐದು ಪ್ರಶ್ನೆಗಳನ್ನು ಕೇಳಿರಿ. ಒಂದು ಲೀಟರಿಗೆ ಶಾಖ ಎಷ್ಟು, ಕರೆಂಟು ಎಷ್ಟು? ಆ ಶಾಖ ಎಲ್ಲಿಂದ ಬರುತ್ತದೆ? ಹೇಳಿದ ಫಸಲು ಪ್ರಯೋಗಶಾಲೆಯದೋ, ನಮ್ಮಂಥ ಊರಲ್ಲಿ ಒಂದು ಬೇಸಗೆ ಇಡೀ ನಡೆದು ಬಂದುದೋ? ಪೊರೆ ಎಷ್ಟು ವರ್ಷ ಬಾಳುತ್ತದೆ, ಬದಲಿಸುವ ಖರ್ಚು ಯಾರದು? ಉಳಿದ ಉಪ್ಪು ಎಲ್ಲಿಗೆ ಹೋಗುತ್ತದೆ? ಉತ್ತರಗಳನ್ನು ನಮಗೆ ಅರ್ಥವಾಗುವ ಕನ್ನಡದಲ್ಲಿ, ಅಂಕೆ ಸಹಿತ ಬರೆದು ಓದಿ ಹೇಳಲಿ.

ಈ ಐದಕ್ಕೆ ನೇರವಾಗಿ ಉತ್ತರ ಕೊಡುವವರನ್ನು ಗೌರವದಿಂದ ಬರಮಾಡಿಕೊಳ್ಳಿರಿ. ಅವರು ಊರಿಗೆ ಉಪಕಾರ ಮಾಡಲು ಬಂದವರು. ಬಿಸಿಲು ಪುಕ್ಕಟೆ ಎಂದಷ್ಟೇ ಹೇಳಿ ಮಾತು ತೇಲಿಸುವವರಿಗೆ, ಲೆಕ್ಕ ಬರೆದುಕೊಂಡು ಬರುವಂತೆ ಹೇಳಿ ಕಳುಹಿಸಿರಿ. ಅವರು ತಿರುಗಿ ಬರುವಷ್ಟರೊಳಗೆ, ಮುಂದಿನ ಮಳೆಗಾಲ ಮುಗಿದ ಕೂಡಲೇ ಯಾವ ತೋಡಿಗೆ ಎಲ್ಲಿ ಕಟ್ಟ ಹಾಕಬೇಕು, ಯಾರ ಮನೆಯಿಂದ ಎಷ್ಟು ಆಳು ಎಂಬುದನ್ನು ಗೊತ್ತು ಮಾಡಿಕೊಂಡರೆ ಊರಿಗೆ ಒಳ್ಳೆಯದು.